ಹೊರೆಯ ತೂಕ: ಇಂಕಾ ಹಾದಿಯ ಇತಿಹಾಸದಿಂದ

ದಕ್ಷಿಣ ಅಮೆರಿಕ ಖಂಡದ ಪೆರು ದೇಶದಲ್ಲಿ, ಆಂಡೀಸ್ ಪರ್ವತಶ್ರೇಣಿಯ ಪೂರ್ವದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ 2,430 ಮೀಟರ್ ಎತ್ತರದಲ್ಲಿ ಮಾಚು ಪಿಚು ಎಂಬ ಹಾಳೂರು ಇದೆ. ಹದಿನೈದನೆಯ ಶತಮಾನದಲ್ಲಿ ಇಂಕಾ ಅರಸರು ಕಟ್ಟಿಸಿದ ಈ ಶಿಲಾನಗರವನ್ನು 1983ರಲ್ಲಿ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಹೋಗಲು ರೈಲಿದೆ, ಬಸ್ಸಿದೆ. ಆದರೂ ಪ್ರತಿವರ್ಷ ಸಾವಿರಾರು ಜನ ಆ ಅನುಕೂಲವನ್ನು ಬದಿಗಿಟ್ಟು, ಮಾರ್ಗದರ್ಶಿಯೊಬ್ಬನ ಹಿಂದೆ ತಂಡ ಕಟ್ಟಿಕೊಂಡು, ನಾಲ್ಕು ದಿನ ಬೆಟ್ಟಗಳನ್ನು ಹತ್ತಿಳಿದು, ಇಂಕಾ ಜನರೇ ಹಾಸಿದ ಕಲ್ಲುದಾರಿಯಲ್ಲಿ ನಡೆದು ಆ ನಗರವನ್ನು ಸೇರುತ್ತಾರೆ. ಆ ನಗರದ ವೈಭವವನ್ನು, ಸುಣ್ಣಗಾರೆಯಿಲ್ಲದೆ ಜೋಡಿಸಿದ ಅದರ ಗೋಡೆಗಳ ಕುಶಲತೆಯನ್ನು ಕುರಿತ ಗ್ರಂಥಗಳು ಹೇರಳವಾಗಿವೆ. ಪ್ರಸ್ತುತ ಲೇಖನದ ವಿಷಯ ಅದಲ್ಲ. ಆ ನಾಡಿನ ಬೆಟ್ಟದಾರಿಗಳಲ್ಲಿ ಶತಮಾನಗಳಿಂದ ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊತ್ತು ನಡೆದಿದ್ದಾರೆ. ಆ ಹೊರೆಗೆ ಮಿತಿಯಿರಬೇಕೆಂದು ಒಂದಕ್ಕಿಂತ ಹೆಚ್ಚು ಬಾರಿ ಶಾಸನಗಳಾಗಿವೆ. ಆ ಶಾಸನಗಳ ಗತಿ ಏನಾಯಿತೆಂಬುದನ್ನು ವಾಚಕರ ಮುಂದಿಡುವುದಷ್ಟೇ ಇಲ್ಲಿಯ ಉದ್ದೇಶ.

ಮೊದಲು ದಾರಿಯ ಪರಿಚಯ ಮಾಡಿಕೊಳ್ಳೋಣ. ಇಂಕಾ ರಾಜಧಾನಿಯಾಗಿದ್ದ ಕುಸ್ಕೊ ನಗರದ ಕಡೆಯಿಂದ ಬರುವ ರೈಲುಮಾರ್ಗದ 82ನೆಯ ಕಿಲೋಮೀಟರಿನಲ್ಲಿ ಪಿಸ್ಕಕುಚೊ ಎಂಬ ಹಳ್ಳಿಯಿದೆ. ಅಲ್ಲಿ ಉರುಬಾಂಬ ನದಿಯನ್ನು ದಾಟಿದರೆ ನಡಿಗೆ ಆರಂಭ. ಒಟ್ಟು ದೂರ ಸುಮಾರು 43 ಕಿಲೋಮೀಟರ್. ದೂರ ದೊಡ್ಡದಲ್ಲ, ಏರಿಳಿತ ದೊಡ್ಡದು. ಮೊದಲ ದಿನದ ನಡಿಗೆ ಹೊಳೆಯ ದಂಡೆ, ಹೊಲಗದ್ದೆ, ಮೆಟ್ಟಿಲುಗದ್ದೆಗಳ ಹಾಳೂರುಗಳ ನಡುವೆ ಸಾಗಿ ಸುಮಾರು 3,000 ಮೀಟರ್ ಎತ್ತರದ ವಾಯ್ಲಬಾಂಬ ಎಂಬ ಹಳ್ಳಿಯ ಬಳಿ ಮುಗಿಯುತ್ತದೆ. ಎರಡನೆಯ ದಿನ ಅಲ್ಲಿಂದ 1,200 ಮೀಟರ್ ನೇರ ಏರಿ 4,215 ಮೀಟರ್ ಎತ್ತರದ ಘಾಟಿಯನ್ನು ದಾಟಬೇಕು. ಅದಕ್ಕೆ ಸ್ಥಳೀಯರ ಕೇಚುವಾ ಭಾಷೆಯಲ್ಲಿ ವಾರ್ಮಿವಾಞುಸ್ಕ, ಅಂದರೆ 'ಸತ್ತ ಹೆಂಗಸು', ಎಂಬ ಹೆಸರು. ದೂರದಿಂದ ಆ ಬೆಟ್ಟದ ಸಾಲು ಅಂಗಾತ ಮಲಗಿದ ಹೆಂಗಸಿನಂತೆ ಕಾಣುವುದೇ ಕಾರಣವೆನ್ನುತ್ತಾರೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿ, ಬರಿಗೈಯಲ್ಲಿ ನಡೆಯುವವರಿಗೂ ಹತ್ತು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತದೆ. ಮೂರನೆಯ ದಿನ ಹಾಳೂರುಗಳ ದಿನ: ದುಂಡನೆಯ ರುಂಕುರಕಾಯ್, ಬಂಡೆಯ ಮೂಗಿನ ಮೇಲೆ ನಿಂತ ಸಾಯಕ್‌ಮಾರ್ಕ, 'ಮೋಡಗಳ ಮೇಲಿನ ಊರು' ಎಂಬರ್ಥದ ಫುಯುಪಟಮಾರ್ಕ. ಅಲ್ಲಿಂದ ಕಲ್ಲಿನ ಮೆಟ್ಟಿಲುಗಳು ಒಂದೇ ಸಮನೆ ಇಳಿದು ವಿಞಾಯ್ ವಾಯ್ನವನ್ನು ತಲಪುತ್ತವೆ. ನಾಲ್ಕನೆಯ ದಿನ ಬೆಳಗಿನ ಜಾವ ಇಂಟಿ ಪುಂಕು, ಅಂದರೆ ಸೂರ್ಯದ್ವಾರದಲ್ಲಿ ನಿಂತರೆ ಕೆಳಗೆ ಮಾಚು ಪಿಚು ಕಾಣುತ್ತದೆ.

ನದಿಯ ಕಣಿವೆಯನ್ನು ಹಿಡಿದು ಹೋಗಿದ್ದರೆ ಇಷ್ಟು ಎತ್ತರ ಹತ್ತುವ ಅಗತ್ಯವಿರಲಿಲ್ಲ. ಹಾಗಿದ್ದೂ ಇಂಕಾ ಅರಸರು ಈ ಕಷ್ಟದ ದಾರಿಯನ್ನು ಕಟ್ಟಿಸಿ, ಅದರುದ್ದಕ್ಕೂ ಸ್ನಾನದ ಕಲ್ಲುತೊಟ್ಟಿಗಳನ್ನೂ ಪೂಜಾಸ್ಥಳಗಳನ್ನೂ ನಿರ್ಮಿಸಿದ್ದನ್ನು ನೋಡಿದರೆ, ಇದು ಬರಿಯ ಸಂಚಾರಮಾರ್ಗವಾಗಿರದೆ ಯಾತ್ರಾಮಾರ್ಗವಾಗಿತ್ತೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ಬೆಟ್ಟ ಹತ್ತಿ ವಂದನೆ ಸಲ್ಲಿಸುವ ಸಂಪ್ರದಾಯವುಳ್ಳ ನಮಗೆ ಈ ಅಭಿಪ್ರಾಯ ವಿಚಿತ್ರವೆನಿಸಲಾರದು.

ಇನ್ನು ಹೊರೆಯ ವಿಷಯ. ಚಾರಣಕ್ಕೆ ಹೋಗುವವನು ತನ್ನ ಬೆನ್ನಿಗೆ ಒಂದು ಸಣ್ಣ ಚೀಲವನ್ನು ಹಾಕಿಕೊಳ್ಳುತ್ತಾನೆ. ಅದರಲ್ಲಿ ನೀರು, ಮಳೆಯಂಗಿ, ಕ್ಯಾಮೆರಾ. ಮಿಕ್ಕದ್ದು, ಎಂದರೆ ಡೇರೆಗಳು, ಹಾಸಿಗೆ, ಊಟದ ಮೇಜು, ಮಡಿಸುವ ಕುರ್ಚಿಗಳು, ಅಡುಗೆಯ ಒಲೆ, ಗ್ಯಾಸಿನ ಸಿಲಿಂಡರು, ನಾಲ್ಕು ದಿನದ ದಿನಸಿ, ಪಾತ್ರೆಪಡಗ, ಇವೆಲ್ಲವೂ ಹೊರೆಯಾಳುಗಳ ಬೆನ್ನ ಮೇಲೆ. ಹದಿನಾರು ಚಾರಣಿಗರ ತಂಡಕ್ಕೆ ಇಪ್ಪತ್ತಕ್ಕೂ ಹೆಚ್ಚು ಹೊರೆಯಾಳುಗಳು ಬೇಕಾಗುತ್ತಾರೆ. ಬೆಳಿಗ್ಗೆ ಚಾರಣಿಗರು ಹೊರಟ ಮೇಲೆ ಅವರು ಡೇರೆಗಳನ್ನು ಕಿತ್ತು, ಕಟ್ಟಿ, ಹೊತ್ತು, ಓಡುನಡಿಗೆಯಲ್ಲಿ ಚಾರಣಿಗರನ್ನು ಹಿಂದೆ ಹಾಕಿ, ಅವರು ಬಂದು ಸೇರುವ ಮೊದಲೇ ಮುಂದಿನ ಬಿಡಾರದಲ್ಲಿ ಡೇರೆ ನಿಲ್ಲಿಸಿ ಬಿಸಿನೀರು ಕಾಯಿಸಿಟ್ಟಿರುತ್ತಾರೆ. ಇವರೆಲ್ಲ ಬಹುಪಾಲು ಸುತ್ತಲಿನ ಎತ್ತರದ ಹಳ್ಳಿಗಳ ಕೇಚುವಾ ರೈತರು. ಆಲೂಗಡ್ಡೆ, ಜೋಳದ ಬೇಸಾಯದ ನಡುವೆ ಬಿಡುವಾದಾಗ ಈ ಕೆಲಸಕ್ಕೆ ಬರುವವರು. ಈಗ ಈ ದಾರಿಗೆ ದಿನವೊಂದಕ್ಕೆ ಒಟ್ಟು 500 ಜನರಿಗೆ ಮಾತ್ರ ಪ್ರವೇಶವುಂಟು; ಅದರಲ್ಲಿ ಪ್ರವಾಸಿಗರು ಸುಮಾರು 200, ಉಳಿದವರು ಮಾರ್ಗದರ್ಶಿಗಳು, ಅಡುಗೆಯವರು, ಹೊರೆಯಾಳುಗಳು. ಅಂದರೆ, ಚಿತ್ರಗಳಲ್ಲಿ ಕಾಣದವರ ಸಂಖ್ಯೆಯೇ ಈ ದಾರಿಯಲ್ಲಿ ಹೆಚ್ಚು.

ಇಂಕಾ ಸಾಮ್ರಾಜ್ಯದಲ್ಲಿ ಸಾಗಣೆಗೆ ಗಾಲಿಯ ಬಳಕೆ ಇರಲಿಲ್ಲ. ಕುದುರೆ, ಎತ್ತು, ಕತ್ತೆಗಳೂ ಇರಲಿಲ್ಲ. ಇದ್ದುದು ಲಾಮಾ ಎಂಬ, ಒಂಟೆಯ ದೂರದ ದಾಯಾದಿಯಾದ ಪ್ರಾಣಿ. ಅದು ಹೊರಬಲ್ಲದ್ದು ಸುಮಾರು 25ರಿಂದ 30 ಕಿಲೋಗ್ರಾಂ. ಅದಕ್ಕೊಂದು ಸ್ವಭಾವವಿದೆ: ಹೊರೆ ಮಿತಿಮೀರಿತೆಂದರೆ ಅದು ಅಲ್ಲೇ ಮಂಡಿಯೂರಿ ಮಲಗಿಬಿಡುತ್ತದೆ, ಭಾರ ಇಳಿಸುವ ತನಕ ಬಡಿದರೂ ಏಳುವುದಿಲ್ಲ. ಮನುಷ್ಯನಿಗೆ ಈ ಸೌಕರ್ಯವಿಲ್ಲ. ಆದುದರಿಂದ ಇಂದಿನ ಆರು ದೇಶಗಳಲ್ಲಿ ಹರಡಿ 30,000 ಕಿಲೋಮೀಟರಿಗೂ ಮಿಕ್ಕಿದ ಇಂಕಾ ರಸ್ತೆಗಳ ಮೇಲೆ ಬಹಳಷ್ಟು ಸಾಮಾನು ಸಾಗಿದ್ದು ಮನುಷ್ಯರ ಬೆನ್ನಿನ ಮೇಲೆಯೇ. ಪ್ರಜೆಗಳು ತೆರಿಗೆಯನ್ನು ದುಡಿಮೆಯ ರೂಪದಲ್ಲಿ ಸಲ್ಲಿಸುವ 'ಮಿತ' ಎಂಬ ಪದ್ಧತಿಯಿತ್ತು. ನಮ್ಮ ಶಾಸನಗಳಲ್ಲಿ ಬರುವ 'ಬಿಟ್ಟಿ'ಗೆ ಇದು ಹತ್ತಿರದ್ದು. ಒಂದು ವ್ಯತ್ಯಾಸವನ್ನು ಮಾತ್ರ ಇತಿಹಾಸಕಾರರು ಎತ್ತಿ ಹೇಳುತ್ತಾರೆ: ಮಿತಕ್ಕೆ ಬಂದವರ ಅನ್ನ, ಬಟ್ಟೆ ಅರಸನ ಉಗ್ರಾಣದಿಂದ ಬರುತ್ತಿತ್ತು, ದಾರಿಯುದ್ದಕ್ಕೂ ತಂಬೋ ಎಂಬ ತಂಗುದಾಣಗಳಲ್ಲಿ ಧಾನ್ಯದ ಸಂಗ್ರಹವಿರುತ್ತಿತ್ತು. ಹಾಗೆಂದು ಇಂಕಾ ಆಳ್ವಿಕೆಯನ್ನು ಸತ್ಯಯುಗವೆಂದು ಚಿತ್ರಿಸುವುದು ಸರಿಯಲ್ಲ. ಅದು ಗೆದ್ದವರ ರಾಜ್ಯ. ರುಕಾನ ಎಂಬ ಜನಾಂಗದ ಪಾಲಿಗೆ ಅರಸನ ಪಲ್ಲಕ್ಕಿ ಹೊರುವುದೇ ಸೇವೆಯೆಂದು ನಿಗದಿಯಾಗಿತ್ತು. ಅವರನ್ನು ಕೇಳಿ ನಿಗದಿಪಡಿಸಿದ್ದಲ್ಲ.

1532ರಲ್ಲಿ ಸ್ಪೇನಿನ ಸೈನಿಕರು ಇಂಕಾ ಅರಸ ಅತಾಹುವಾಲ್ಪನನ್ನು ಸೆರೆಹಿಡಿದರು. ಉಗ್ರಾಣಗಳು ಬರಿದಾದವು, ಬಿಟ್ಟಿ ಮಾತ್ರ ಉಳಿಯಿತು. ದಂಡಯಾತ್ರೆಗಳಲ್ಲಿ ಮೂಲನಿವಾಸಿಗಳನ್ನು ಸರಪಣಿಯಲ್ಲಿ ಕಟ್ಟಿ ಹೊರೆ ಹೊರಿಸಿ, ಹಿಮದ ಘಾಟಿಗಳಲ್ಲಿ ಅವರು ಸತ್ತ ಸಂಗತಿಗಳನ್ನು ಸ್ಪೇನಿನವರೇ ಬರೆದಿಟ್ಟಿದ್ದಾರೆ. ಬಾರ್ತೊಲೊಮೆ ದ ಲಾಸ್ ಕಾಸಾಸ್ ಎಂಬ ಪಾದ್ರಿ ಇಂಥ ಕ್ರೌರ್ಯಗಳ ವಿರುದ್ಧ ಸ್ಪೇನಿನ ಆಸ್ಥಾನದಲ್ಲಿ ದಶಕಗಳ ಕಾಲ ವಾದಿಸಿದನು. ಅದರ ಫಲವಾಗಿ 1542ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್ 'ಹೊಸ ಕಾನೂನುಗಳನ್ನು' ಹೊರಡಿಸಿದನು. ಅವುಗಳಲ್ಲಿ ಹೊರೆಯನ್ನು ಕುರಿತ ವಿಧಿಯೂ ಒಂದು: ಮೂಲನಿವಾಸಿಗಳ ಮೇಲೆ ಹೊರೆ ಹೊರಿಸಬಾರದು, ತೀರ ಅನಿವಾರ್ಯವಾದ ಕಡೆ, ಜೀವಕ್ಕೂ ಆರೋಗ್ಯಕ್ಕೂ ಅಪಾಯವಾಗದಷ್ಟು ಮಿತವಾದ ಭಾರವನ್ನು, ಅವರ ಒಪ್ಪಿಗೆಯಿಂದ, ಕೂಲಿ ಕೊಟ್ಟು ಹೊರಿಸಬಹುದು. ಮರುವರ್ಷ ಪೆರುವಿನಲ್ಲಿದ್ದ ರಾಜ್ಯಪಾಲ ವಾಕಾ ದ ಕಾಸ್ತ್ರೊ ತಂಬೋಗಳ ನಿಯಮಾವಳಿಯನ್ನು ಹೊರಡಿಸಿ ಹೊರೆಯ ಭಾರಕ್ಕೆ ಮಿತಿ ಹಾಕಿದನು.

ಈ ಕಾನೂನನ್ನು ಜಾರಿಗೆ ತರಲು 1544ರಲ್ಲಿ ಬ್ಲಾಸ್ಕೊ ನೂಞೆಸ್ ವೇಲಾ ಎಂಬುವನು ಪೆರುವಿನ ಮೊದಲ ರಾಜಪ್ರತಿನಿಧಿಯಾಗಿ ಬಂದನು. ಟುಂಬೆಸ್ ಎಂಬಲ್ಲಿ ಹಡಗಿನಿಂದಿಳಿದು ಲಿಮಾ ನಗರಕ್ಕೆ ನೆಲದ ಮೇಲೆ ಪ್ರಯಾಣ ಮಾಡುವಾಗ ಅವನು ತನ್ನ ಸಾಮಾನನ್ನು ಹೇಸರಗತ್ತೆಗಳ ಮೇಲೆ ಹೇರಿಸಿದನು. ಜನರ ಸಹಾಯ ಬೇಕೇಬೇಕಾದ ಕಡೆ ಕೂಲಿಯನ್ನು ಎಣಿಸಿ ಕೊಟ್ಟನು. ಮೇಲ್ನೋಟಕ್ಕೆ ಸಣ್ಣ ಸಂಗತಿ. ಆದರೆ ಆ ನಾಡಿನಲ್ಲಿ ನೆಲಸಿದ್ದ ಸ್ಪೇನಿನವರಿಗೆ ಕಾನೂನಿನ ಕಾಗದಕ್ಕಿಂತ ಈ ಹೇಸರಗತ್ತೆಗಳ ಸಾಲೇ ಹೆಚ್ಚು ಭಯ ಹುಟ್ಟಿಸಿತು. ಈತ ಬರೆದದ್ದನ್ನು ಮಾಡುವವನು ಎಂಬುದು ಅವರಿಗೆ ಖಚಿತವಾಯಿತು. ಗೊನ್ಸಾಲೊ ಪಿಸಾರೊನ ನಾಯಕತ್ವದಲ್ಲಿ ಅವರು ದಂಗೆಯೆದ್ದರು. 1546ರ ಜನವರಿಯಲ್ಲಿ ಕೀಟೊ ನಗರದ ಬಳಿ ನಡೆದ ಯುದ್ಧದಲ್ಲಿ ರಾಜಪ್ರತಿನಿಧಿ ಹತನಾದನು. ದಂಗೆಗೆ ಮುಖ್ಯ ಕಾರಣ ಅವರ ಜಹಗೀರುಗಳನ್ನು ಕಸಿಯುವ ವಿಧಿಗಳು. ರಾಜಪ್ರತಿನಿಧಿಯೂ ಮುಂಗೋಪಿ, ವಿವೇಚನೆ ಸಾಲದವನು. ಅವನನ್ನು ಧರ್ಮವೀರನೆಂದು ಪೂಜಿಸಬೇಕಾಗಿಲ್ಲ. ತನ್ನ ಪೆಟ್ಟಿಗೆಯನ್ನು ಯಾರು ಹೊರಬೇಕೆಂಬುದನ್ನು ರಾಜ್ಯಭಾರದ ಪ್ರಶ್ನೆಯೆಂದು ತಿಳಿದಿದ್ದನೆಂಬುದಷ್ಟೇ ಇಲ್ಲಿ ಮುಖ್ಯ.

ಆಮೇಲಿನ ಶತಮಾನಗಳಲ್ಲಿ ಕಾನೂನು ಪುಸ್ತಕದಲ್ಲಿ, ಹೊರೆ ಬೆನ್ನಿನಲ್ಲಿ ಉಳಿದವು. 1911ರ ಜುಲೈ 24ರಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಾಪಕ ಹೈರಮ್ ಬಿಂಗ್ಯಾಮ್ ಮಾಚು ಪಿಚುವನ್ನು ಕಂಡನು. ಅವನು 'ಕಂಡುಹಿಡಿದನು' ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅವನಿಗೆ ದಾರಿ ತೋರಿದವನು ಮೆಲ್ಚೊರ್ ಆರ್ತಿಯಾಗ ಎಂಬ ರೈತ, ಮೇಲೆ ಹಾಳೂರಿನಲ್ಲೇ ರೈತ ಕುಟುಂಬಗಳು ಉಳುಮೆ ಮಾಡಿಕೊಂಡಿದ್ದವು. ಆರ್ತಿಯಾಗನಿಗೆ ಒಂದು ಬೆಳ್ಳಿಯ ಸೋಲ್ ನಾಣ್ಯ ಕೂಲಿ ಸಿಕ್ಕಿತು; ಅಲ್ಲಿಯ ದಿನಗೂಲಿಗೆ ಹೋಲಿಸಿದರೆ ಅದು ಉದಾರವಾದದ್ದೇ. ಆದರೆ ಅದೇ ಯಾತ್ರೆಯ ಮುಂದಿನ ಭಾಗದಲ್ಲಿ, ವಿಲ್ಕಬಾಂಬದ ಕಾಡುಗಳಿಗೆ ಹೊರೆಯಾಳುಗಳನ್ನು ಹೊಂದಿಸಿದ ಬಗೆಯನ್ನು ಬಿಂಗ್ಯಾಮನೇ ತನ್ನ ಪ್ರವಾಸಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಸ್ಥಳೀಯ ಅಧಿಕಾರಿ ನಸುಕಿನಲ್ಲಿ ಗುಡಿಸಲ ಬಾಗಿಲಿಗೆ ಹೋಗಿ ಒಳಗಿದ್ದವನನ್ನು ಕರೆಯುವನು. ಅವನು ಹೊರಬಂದಾಗ ಸ್ನೇಹದಿಂದ ಕೈಕುಲುಕುವನು. ಕೈ ಬಿಟ್ಟಾಗ ಅಂಗೈಯಲ್ಲಿ ಒಂದು ಬೆಳ್ಳಿಯ ನಾಣ್ಯವಿರುವುದು. ಅಲ್ಲಿಗೆ ಅವನು ಮುಂಗಡ ಪಡೆದಂತಾಯಿತು, ಹೊರೆ ಹೊರಲೇಬೇಕು. ಇದು ಕಠೋರವೆನಿಸಿದರೂ ಆಳು ಸಿಗಲು ಬೇರೆ ಮಾರ್ಗವಿರಲಿಲ್ಲವೆಂಬುದು ಬಿಂಗ್ಯಾಮನ ಸಮಾಧಾನ. ಕೈಕುಲುಕುವುದೂ ಸಂಕೋಲೆಯಾಗಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನವನ್ನು ಈ ಲೇಖಕನು ಬೇರೆಡೆ ಓದಿಲ್ಲ. (ನಮ್ಮ ದೇಶದಲ್ಲೂ ಅದೇ ಕಾಲದಲ್ಲಿ ಕುಮಾವೂನಿನ ಬೆಟ್ಟಗಳ ಹಳ್ಳಿಗರು ಬ್ರಿಟಿಷ್ ಅಧಿಕಾರಿಗಳ ಸಾಮಾನನ್ನು ಬಿಟ್ಟಿಯಾಗಿ ಹೊರಬೇಕಾಗಿತ್ತು. 1921ರ ಜನವರಿಯಲ್ಲಿ ಬಾಗೇಶ್ವರದಲ್ಲಿ ನೆರೆದ ಜನ ಆ ಬಿಟ್ಟಿಯ ಲೆಕ್ಕದ ಪುಸ್ತಕಗಳನ್ನೇ ಸರಯೂ ನದಿಗೆ ಎಸೆದರು.)

ಬಿಂಗ್ಯಾಮ್ 1915ರಲ್ಲಿ ಮತ್ತೆ ಬಂದು ಹಳೆಯ ಕಲ್ಲುದಾರಿಯ ಭಾಗಗಳನ್ನು ಗುರುತಿಸಿದನು. 1940-41ರಲ್ಲಿ ಪಾಲ್ ಫೆಯೋಸ್ ಎಂಬ ಸಂಶೋಧಕನ ತಂಡ ದಾರಿಯುದ್ದಕ್ಕೂ ಇರುವ ಹಾಳೂರುಗಳನ್ನು ಕಾಡಿನಿಂದ ಬಿಡಿಸಿ ನಕ್ಷೆ ಮಾಡಿತು. 1969ರ ಭೂಸುಧಾರಣೆಯಿಂದ ಪೆರುವಿನ ದೊಡ್ಡ ಜಮೀನ್ದಾರಿಗಳು ಮುರಿದು, ರೈತರು ಧಣಿಗಳ ಬಿಟ್ಟಿಯಿಂದ ಬಿಡುಗಡೆ ಹೊಂದಿದರು. ಆ ನಂತರದ ದಶಕಗಳಲ್ಲಿ ವಿದೇಶಿ ಚಾರಣಿಗರು ಹೆಚ್ಚುತ್ತ ಬಂದಂತೆ ಅದೇ ರೈತರು ಕೂಲಿಗಾಗಿ ಪುನಃ ಹೊರೆ ಎತ್ತಿದರು. ಈಗ ಬಲಾತ್ಕಾರವಿರಲಿಲ್ಲ, ಬಡತನವಿತ್ತು. 1990ರ ದಶಕದ ಹೊತ್ತಿಗೆ ಪ್ರವಾಸ ಸಂಸ್ಥೆಗಳ ನಡುವೆ ದರದ ಪೈಪೋಟಿ ಹೆಚ್ಚಾಗಿ, ದರ ಇಳಿದಷ್ಟೂ ಆಳುಗಳ ಸಂಖ್ಯೆ ಇಳಿದು, ಒಬ್ಬೊಬ್ಬನ ಹೊರೆ ಏರಿತು. ನಲವತ್ತು, ಐವತ್ತು ಕಿಲೋಗ್ರಾಂ ಹೊತ್ತು, ಹಳೆಯ ಟೈರಿನಿಂದ ಮಾಡಿದ ಚಪ್ಪಲಿ ಮೆಟ್ಟಿ 4,215 ಮೀಟರಿನ ಘಾಟಿಯನ್ನು ದಾಟುವುದು ಸಾಮಾನ್ಯವಾಯಿತು. ಚಾರಣಿಗರ ಊಟ ಮುಗಿದು ಊಟದ ಡೇರೆ ಖಾಲಿಯಾದ ಮೇಲೆ ಅದರ ನೆಲದಲ್ಲಿ ಅವರ ನಿದ್ರೆ. ಚಾರಣಿಗರು ಉಳಿಸಿದ್ದರಲ್ಲಿ ಅವರ ಊಟ. ಹಣ ಕೊಟ್ಟವರಲ್ಲಿ ಹೆಚ್ಚಿನವರು ಕ್ರೂರಿಗಳಾಗಿರಲಿಲ್ಲ. ಅಗ್ಗದ ದರವನ್ನು ಹುಡುಕಿದ್ದರು, ಅಷ್ಟೇ.

ಈ ಸಂದರ್ಭದಲ್ಲಿ ನಮ್ಮ ಆಚಾರಗ್ರಂಥಗಳ ಒಂದು ಸೂಕ್ಷ್ಮವನ್ನು ನೆನೆಯುವುದು ಅಪ್ರಸ್ತುತವಾಗದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಅನ್ನಪಾನನಿರೋಧವೂ ಸೇರಿವೆ ಎಂಬುದು ತತ್ತ್ವಾರ್ಥಸೂತ್ರವನ್ನು ಓದಿದವರಿಗೆಲ್ಲ ತಿಳಿದದ್ದು. ಅಷ್ಟಾಗಿ ಗಮನಕ್ಕೆ ಬಾರದಿರುವುದು ಇನ್ನೊಂದಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗಲೂ ಅತಿಭಾರವಹನವನ್ನು ಎಣಿಸಿದ್ದಾರೆ. ಒಂದೇ ದೋಷ ಎರಡು ಕಡೆ ಏಕೆ ಬಂದಿತು? ಹೊರುವವನ ಕಡೆಯಿಂದ ನೋಡಿದರೆ ಅದು ಪೀಡೆ. ಹೊರಿಸುವವನ ಕಡೆಯಿಂದ ನೋಡಿದರೆ ಅದು ಆಸೆ. ಇನ್ನೊಬ್ಬನ ಬೆನ್ನಿನ ಮೇಲಿರುವ ತೂಕ ಎಲ್ಲಿಂದಲೋ ಬಂದದ್ದಲ್ಲ, ಅದು ನನ್ನ ಮಡಿಸುವ ಕುರ್ಚಿ, ನನ್ನ ಎರಡನೆಯ ಜೊತೆ ಬೂಟು. ಟೀಕಾಕಾರರು ಎತ್ತು, ಕುದುರೆ, ಸೇವಕರನ್ನು ಮನಸ್ಸಿನಲ್ಲಿಟ್ಟುಕೊಂಡು ವಿವರಿಸಿದ ಈ ದೋಷವು ಪ್ರವಾಸದ ಕಾಲಕ್ಕೆ ಹೊಸ ಅರ್ಥವನ್ನು ಪಡೆದಿದೆ.

ಹೊರೆಯಾಳುಗಳು ಸಂಘ ಕಟ್ಟಿ ನಡೆಸಿದ ಹೋರಾಟದ ತರುವಾಯ 2001ರ ಡಿಸೆಂಬರ್‌ನಲ್ಲಿ ಪೆರು ಸರ್ಕಾರ ಹೊರೆಯಾಳುಗಳ ಕಾನೂನನ್ನು ಮಾಡಿತು. ಹೊರೆ 20 ಕಿಲೋಗ್ರಾಂ ಮೀರಬಾರದು. ಊಟ, ಮಲಗಲು ಡೇರೆ, ವಿಮೆ ಒದಗಿಸಬೇಕು. ನಿಗದಿಯಾದ ಕನಿಷ್ಠ ಕೂಲಿ ಕೊಡಬೇಕು. ಅದೇ ಸುಮಾರಿಗೆ ಮಾರ್ಗದರ್ಶಿಯಿಲ್ಲದೆ ಒಬ್ಬೊಬ್ಬರೇ ಈ ದಾರಿಯಲ್ಲಿ ನಡೆಯುವುದನ್ನೂ ನಿಷೇಧಿಸಲಾಯಿತು. ಪ್ರತಿ ಫೆಬ್ರವರಿ ತಿಂಗಳು ದುರಸ್ತಿಗಾಗಿ ದಾರಿಯನ್ನು ಮುಚ್ಚುವ ಕ್ರಮ ಬಂದಿತು. 1542ರ ಕಾನೂನಿಗೂ ಇದಕ್ಕೂ ಇರುವ ಭೇದ ಒಂದು ವಸ್ತುವಿನಲ್ಲಿದೆ: ಪಿಸ್ಕಕುಚೊದ ತಪಾಸಣೆಯ ಕಟ್ಟೆಯಲ್ಲಿ ಇಟ್ಟಿರುವ ತಕ್ಕಡಿ. ಹೊರೆಯಾಳುಗಳು ಸಾಲಾಗಿ ನಿಂತು ಒಬ್ಬೊಬ್ಬರೇ ತಮ್ಮ ಹೊರೆಯನ್ನು ತೂಗಿಸಿ ಮುಂದೆ ಹೋಗುತ್ತಾರೆ. ಚಕ್ರವರ್ತಿಯ ಕಾನೂನಿನಲ್ಲಿ 'ಮಿತವಾದ ಭಾರ' ಎಂಬ ಮಾತಿತ್ತು. ಮಿತವೆಂದರೆ ಎಷ್ಟೆಂದು ಹೊರಿಸುವವನೇ ನಿರ್ಧರಿಸುತ್ತಿದ್ದನು. ತಕ್ಕಡಿಯ ಮುಳ್ಳಿಗೆ ಆ ದಾಕ್ಷಿಣ್ಯವಿಲ್ಲ.

ಆದರೂ ತಕ್ಕಡಿಯನ್ನು ವಂಚಿಸುವ ಉಪಾಯಗಳು ಬೇಗನೆ ಹುಟ್ಟಿಕೊಂಡವು. ತಪಾಸಣೆಯ ಕಟ್ಟೆ ದಾಟುವ ತನಕ ಹೆಚ್ಚುವರಿ ಸಾಮಾನನ್ನು ಬೇರೆಯವರ ಕೈಗೆ ಕೊಟ್ಟು, ದಾರಿಯ ತಿರುವಿನಾಚೆ ಮತ್ತೆ ಹೊರೆಯಾಳಿನ ಮೂಟೆಗೆ ಸೇರಿಸುವುದು ಅವುಗಳಲ್ಲಿ ಒಂದು. ಕೆಲಸ ತಪ್ಪೀತೆಂಬ ಭಯದಿಂದ ಹೊರೆಯಾಳೂ ಬಾಯಿ ಬಿಡುತ್ತಿರಲಿಲ್ಲ. ಕನಿಷ್ಠ ಕೂಲಿಯೂ ಕಾಗದದಲ್ಲಿದ್ದಷ್ಟು ಕೈಗೆ ಬಾರದ ದೂರುಗಳು ವರ್ಷಗಳ ಕಾಲ ಇದ್ದವು. ಕೊನೆಗೆ 2022ರ ನವೆಂಬರ್‌ನಲ್ಲಿ ಹಳೆಯ ಕಾನೂನಿಗೆ ಬದಲಾಗಿ ಹೊಸದೊಂದು ಬಂದಿತು. ಇತ್ತೀಚಿನ ವರ್ಷಗಳಲ್ಲಿ ಕೇಚುವಾ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಇಳಿದಿರುವುದರಿಂದ ಅವರ ಹೊರೆಗೆ ಪ್ರತ್ಯೇಕವಾದ, ಇನ್ನೂ ಕಡಿಮೆಯ ಮಿತಿಯನ್ನು ಅದರಲ್ಲಿ ಹೇಳಿದೆ. ದಾರಿಯಲ್ಲಿ ಪರಿಸ್ಥಿತಿ ಮೊದಲಿನಂತಿಲ್ಲವೆಂಬುದನ್ನು ಒಪ್ಪಲೇಬೇಕು. ಆಳುಗಳಿಗೆ ಸಮವಸ್ತ್ರ, ಬೂಟು, ಬೇರೆ ಡೇರೆ ಒದಗಿಸುವ ಸಂಸ್ಥೆಗಳಿವೆ. ಚಾರಣಿಗನೊಬ್ಬ ಆರೇಳು ಕಿಲೋಗ್ರಾಂಗಿಂತ ಹೆಚ್ಚು ಸಾಮಾನನ್ನು ಆಳಿಗೆ ಕೊಡುವಂತಿಲ್ಲವೆಂದು ಹೊರಡುವ ಮುನ್ನವೇ ತಿಳಿಸುವ ಕ್ರಮವಿದೆ.

ಸಮ್ಮೇದ ಶಿಖರ್ಜಿಯ ಬೆಟ್ಟವನ್ನು ಹತ್ತಲಾರದ ವೃದ್ಧರನ್ನು, ರೋಗಿಗಳನ್ನು ಡೋಲಿಯಲ್ಲಿ ಕರೆದೊಯ್ಯುವುದನ್ನು ನಾವೆಲ್ಲ ಕಂಡಿದ್ದೇವೆ; ಶ್ರವಣಬೆಳಗೊಳದಲ್ಲಿಯೂ ಆ ವ್ಯವಸ್ಥೆಯಿದೆ. ಅಶಕ್ತರಿಗೆ ದರ್ಶನಭಾಗ್ಯ ದೊರಕಿಸುವ ಈ ಸೇವೆ ಬೇಕಾದದ್ದೇ, ಅದರಿಂದ ಹಲವು ಬಡ ಕುಟುಂಬಗಳ ಹೊಟ್ಟೆಯೂ ತುಂಬುತ್ತದೆ. ಶಿಖರ್ಜಿಯಲ್ಲಿ ಡೋಲಿಯ ದರ ಸಾಮಾನ್ಯವಾಗಿ ಯಾತ್ರಿಕರ ತೂಕವನ್ನು ಅನುಸರಿಸಿ ನಿಗದಿಯಾಗುತ್ತದೆ. ಅಂದರೆ ನಮ್ಮಲ್ಲಿಯೂ ತಕ್ಕಡಿಯಿದೆ. ಅದು ದರವನ್ನು ಅಳೆಯುತ್ತದೆ. ಹೊರುವವರ ಹೆಗಲಿನ ಮಿತಿ, ಬೆಟ್ಟದ ಮೇಲೆ ಅವರಿಗೆ ಸಿಗುವ ನೀರು, ಊಟ, ನೆರಳು, ಕಾಲು ಜಾರಿದವನ ಔಷಧದ ಖರ್ಚು, ಇವುಗಳನ್ನೂ ಅಳೆಯುವ ಬಗೆಯನ್ನು ಕ್ಷೇತ್ರಗಳ ಆಡಳಿತ ಮಂಡಳಿಗಳು ತಮ್ಮ ಮುಂದಿನ ಸಭೆಯಲ್ಲಿ ಚರ್ಚಿಸಬಾರದೇಕೆ?

ಮತ್ತೆ ಆಂಡೀಸ್ ಬೆಟ್ಟಕ್ಕೆ ಬರೋಣ. ಮೂರನೆಯ ರಾತ್ರಿಯ ಬಿಡಾರ ವಿಞಾಯ್ ವಾಯ್ನದ ಬಳಿ. ನಾಲ್ಕನೆಯ ದಿನ ಇನ್ನೂ ಕತ್ತಲಿರುವಾಗಲೇ ತಂಡ ಅಲ್ಲಿ ಎರಡಾಗುತ್ತದೆ. ಚಾರಣಿಗರು ಕೈದೀಪ ಹಿಡಿದು ಸೂರ್ಯದ್ವಾರದ ಕಡೆಗೆ ನಡೆಯುತ್ತಾರೆ. ಹೊರೆಯಾಳುಗಳು ಡೇರೆಗಳನ್ನು ಕಟ್ಟಿಕೊಂಡು, ಕಡಿದಾದ ಇನ್ನೊಂದು ದಾರಿಯಲ್ಲಿ ಓಡುತ್ತ ಕೆಳಗಿನ ನದಿಯ ಕಣಿವೆಗೆ ಇಳಿಯುತ್ತಾರೆ. ಮುಂಜಾನೆಯ ರೈಲು ತಪ್ಪಿದರೆ ಊರಿಗೆ ಮರಳುವುದು ತಡವಾಗುತ್ತದೆ. ಆ ರೈಲಿನಲ್ಲಿ ಮೂಟೆಗಳ ನಡುವೆ ಕುಳಿತವರಲ್ಲಿ, ವರ್ಷಗಟ್ಟಲೆ ಈ ದಾರಿಯಲ್ಲಿ ಹೊರೆ ಹೊತ್ತಿದ್ದರೂ ತಮ್ಮ ಪೂರ್ವಿಕರು ಕಟ್ಟಿದ ಮಾಚು ಪಿಚುವಿನೊಳಗೆ ಒಮ್ಮೆಯೂ ಕಾಲಿಡದವರಿದ್ದಾರೆ. ಇತ್ತೀಚೆಗೆ ಕೆಲವು ಪ್ರವಾಸ ಸಂಸ್ಥೆಗಳು ತಮ್ಮ ಹೊರೆಯಾಳುಗಳನ್ನು ಬರಿಗೈಯಲ್ಲಿ, ಹೆಂಡತಿಮಕ್ಕಳೊಡನೆ ಕರೆದೊಯ್ದು ಆ ನಗರವನ್ನು ತೋರಿಸುವ ಪರಿಪಾಠವನ್ನು ಆರಂಭಿಸಿವೆ.